ರಿಪೋರ್ಟಿನಲ್ಲಿ ಸಿಗದ ಜಯಪ್ರಕಾಶ

ಯಾವ ಮನೆಯ ಅಂಗಳಕ್ಕೆ ಕಾಲಿಟ್ಟರೂ ಜಯಪ್ರಕಾಶನ ಕಣ್ಣು ಮೊದಲು ಹೋಗುವುದು ಹಿತ್ತಿಲಿಗೆ. ಮನೆಯ ಯಜಮಾನರು ಜಗಲಿಯಿಂದ ಎದ್ದು, "ಬನ್ನಿ, ಕೂತ್ಕೊಳ್ಳಿ, ಆಸರಿಗೆ ಕುಡೀಲಿಕ್ಕೆ ಎಂತ ಬೇಕು?" ಎಂದು ಕೇಳುವಷ್ಟರಲ್ಲಿ ಅವನ ದೃಷ್ಟಿ ಮನೆಗೊಂದು ಸುತ್ತು ಹಾಕಿ, ನೀರಿನ ಪೈಪು ಯಾವ ಗೋಡೆಯ ಹಿಂದೆ ಮರೆಯಾಗುತ್ತದೆ, ಬಚ್ಚಲಿನ ಹೊಗೆ ಎಲ್ಲಿಂದ ಏಳುತ್ತದೆ ಎಂಬುದನ್ನೆಲ್ಲ ಗ್ರಹಿಸಿ ಮರಳಿ ಬಂದಿರುತ್ತದೆ. ಬಹುಕಾಲ ನಾನು ಇದನ್ನು ವ್ಯಾಪಾರದ ಚಾತುರ್ಯವೆಂದೇ ತಿಳಿದಿದ್ದೆ. ಒಳ್ಳೆಯ ಕಾಳುಮೆಣಸನ್ನು ಹಿಂದಿನ ಕೋಣೆಯಲ್ಲಿಟ್ಟು ಜೊಳ್ಳನ್ನು ಮುಂದೆ ತರುವ ಕೃಷಿಕರು ನಮ್ಮಲ್ಲಿ ಉಂಟು. ಅಂಥವರ ಗುಟ್ಟನ್ನು ಇವನು ಅಂಗಳದಲ್ಲೇ ಹಿಡಿಯುತ್ತಾನೆಂದು ಮೆಚ್ಚಿ, ಉಳಿದ ಖರೀದಿದಾರರಿಗೆ ಇವನನ್ನು ಮಾದರಿಯಾಗಿ ತೋರಿಸಿದ್ದೂ ಆಯಿತು. ಅವನು ಹುಡುಕುತ್ತಿದ್ದುದು ಕಕ್ಕಸನ್ನು ಎಂದು ತಿಳಿಯಲು ನನ್ನಂಥ ಚತುರನಿಗೆ ಒಂದೂವರೆ ವರ್ಷ ಬೇಕಾಯಿತು.

ಸುಳ್ಯದಲ್ಲಿ ನನ್ನದೊಂದು ಅಂಗಡಿ. ಕಾಳುಮೆಣಸು, ಕೊಕ್ಕೊ, ಜಾಯಿಕಾಯಿ, ಜಾಯಿಪತ್ರೆ, ಹೀಗೆ ತೋಟದಿಂದ ಬರುವುದನ್ನೆಲ್ಲ ಕೊಳ್ಳುತ್ತೇನೆ. ಪಿಕಪ್ಪಿನಲ್ಲಿ ಊರೂರು ತಿರುಗಿ ಮಾಲು ನೋಡಿ ತರುವವನು ಮಂಡೆಕೋಲಿನ ಜಯಪ್ರಕಾಶ. ಮೆಣಸಿನ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಒಂದು ಹಿಡಿ ಮೇಲೆತ್ತಿ ಮೂಸಿದನೆಂದರೆ, "ಇನ್ನೂ ಎರಡು ಬಿಸಿಲು ಬೇಕು ಮಾರಾಯ್ರೆ" ಎಂದು ಅವನಾಡುವ ಮಾತಿಗೆ ತೇವ ಅಳೆಯುವ ಯಂತ್ರವೂ ಎದುರಾಡದು. ಅವನ ನಡಿಗೆ ತುಂಬಿದ ಕೊಡವನ್ನು ತುಳುಕದಂತೆ ಒಯ್ಯುವವನ ನಡಿಗೆ: ಸ್ವಲ್ಪ ಮುಂದಕ್ಕೆ ಬಾಗಿ, ಎಡಗೈಯನ್ನು ಹೊಟ್ಟೆಗೆ ಆನಿಸಿ, ಹೆಜ್ಜೆಗಳ ನಡುವೆ ಒಂದು ಸಣ್ಣ ಸಂದೇಹವನ್ನು ಇಟ್ಟುಕೊಂಡು. ಏಪ್ರಿಲಿನ ಸೆಕೆಯಲ್ಲಿ ನಾವೆಲ್ಲ ಬನಿಯನ್ ಹಿಂಡುವಾಗ ಅವನು ಕಡುಹಸಿರು ಸ್ವೆಟರಿನ ಗುಂಡಿ ಹಾಕಿಕೊಂಡಿರುತ್ತಾನೆ. ಕೈ ಹಿಡಿದರೆ ಬಾವಿಯಿಂದ ಆಗಷ್ಟೇ ಸೇದಿದ ನೀರಿನ ತಂಪು. "ಹೇಗಿದ್ದೀಯ?" ಎಂದರೆ ಉತ್ತರ ಒಂದೇ: "ಹೇಳ್ಲಿಕ್ಕೆ ಬರುದಿಲ್ಲ ಅಣ್ಣ." ಮೊದಮೊದಲು ನನಗಿದು ಬಿಂಕವಾಗಿ ಕಾಣುತ್ತಿತ್ತು.

ಐದು ವರ್ಷಗಳ ಕೆಳಗೆ ಒಂದು ಶುಕ್ರವಾರ ಬೆಳಿಗ್ಗೆ ಶುರುವಾದ ಹೊಟ್ಟೆಯ ತೊಂದರೆ ಇನ್ನೂ ನಿಂತಿಲ್ಲ. ದಿನಕ್ಕೆ ಎಂಟು ಸಲ, ಹತ್ತು ಸಲ. ಜೊತೆಗೆ ಬಾಯಿ ತುಂಬ ಹುಣ್ಣು, ಬೆರಳ ಗಂಟುಗಳಲ್ಲಿ ಬಾವು, ಸಂಜೆಗೆ ಸಣ್ಣ ಜ್ವರ, ಕುತ್ತಿಗೆಯ ಮೇಲೆ ಬಂದು ಹೋಗುವ ಕೆಂಪು ದದ್ದು. ಎಪ್ಪತ್ತೆರಡು ಕಿಲೋ ಇದ್ದ ಮನುಷ್ಯ ಐವತ್ತಕ್ಕೆ ಇಳಿದ. ಪುತ್ತೂರಿನ ಡಾಕ್ಟರು ಜಂತುಹುಳವೆಂದರು. ಮಂಗಳೂರಿನ ಒಬ್ಬರು ಕರುಳಿನ ಕ್ಷಯವಿರಬಹುದೆಂದು ಆರು ತಿಂಗಳು ಕೆಂಪು ಮಾತ್ರೆ ನುಂಗಿಸಿ, ಅದಲ್ಲವೆಂದು ತಿಳಿದ ಮೇಲೆ ಬೇರೊಬ್ಬರ ಬಳಿಗೆ ಕಳುಹಿಸಿದರು. ಆ ಬೇರೊಬ್ಬರು ಬಾಯಿಯಿಂದಲೂ ಹಿಂದಿನಿಂದಲೂ ಕೊಳವೆ ಇಳಿಸಿ ನೋಡಿ, ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ದೇಹದ ಮೇಲೆ ಬೀಳುತ್ತಿರಬಹುದು, ಆದರೆ ಖಚಿತವಾಗಿ ಹೇಳಲು ಆಧಾರ ಸಾಲದು ಎಂದರು. ರಕ್ತಪರೀಕ್ಷೆಯಲ್ಲಿ ಒಮ್ಮೆ ಏನೋ ಒಂದು ಸ್ವಲ್ಪ ಹೆಚ್ಚು ಕಂಡಿತು. ಮೂರು ತಿಂಗಳ ನಂತರ ಅದೂ ಇಲ್ಲ. ಫೈಲು ಮಾತ್ರ ದಪ್ಪವಾಗುತ್ತ ಹೋಯಿತು. ಪ್ರತಿ ಹಾಳೆಯಲ್ಲೂ 'ನಾರ್ಮಲ್', 'ನಾರ್ಮಲ್'. ಅಷ್ಟು ನಾರ್ಮಲ್ ಆದ ಮನುಷ್ಯನನ್ನು ಇಡೀ ತಾಲೂಕಿನಲ್ಲಿ ನಾನು ಕಂಡಿಲ್ಲ.

ಊರಿನವರ ಚಿಕಿತ್ಸೆ ಬೇರೆಯೇ. ಅರಂತೋಡಿನಲ್ಲಿ ಅಮೃತಬಳ್ಳಿಯ ಕಷಾಯ, ಕಾಣಿಯೂರಿನಲ್ಲಿ ದಾಳಿಂಬೆ ಸಿಪ್ಪೆ, ಕಡಬದಲ್ಲಿ ಮೊಬೈಲು ತೆರೆದು ತೋರಿಸಿದ ಪ್ರಾಣಾಯಾಮ. "ಟೆನ್ಶನ್ ಬಿಡು ಮಾರಾಯ, ಎಲ್ಲ ಸರಿ ಆಗ್ತದೆ" ಎಂದು ಹೇಳಿದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಪುತ್ತೂರು ಮುಟ್ಟೀತು. ನಾನೂ ಆ ಸಾಲಿನಲ್ಲಿದ್ದೆ. ಅವನಿಗೆ ಬೇಕಾದದ್ದು ಗುಣವಾಗುವುದಕ್ಕಿಂತ ಮೊದಲು ಒಂದು ಹೆಸರು. ಒಮ್ಮೆ ಪಿಕಪ್ಪಿನಲ್ಲಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ: "ಕ್ಯಾನ್ಸರ್ ಅಂತ ಹೇಳಿದ್ರೂ ಆಗ್ತಿತ್ತು ಅಂತ ಕಾಣ್ತದೆ ಅಣ್ಣ ಒಮ್ಮೊಮ್ಮೆ. ಅದಕ್ಕೊಂದು ವಾರ್ಡ್ ಆದ್ರೂ ಉಂಟು. ನನ್ನನ್ನು ಎಲ್ಲಿ ಮಲಗಿಸುದು ಅಂತ್ಲೇ ಅವರಿಗೆ ಗೊತ್ತಾಗುದಿಲ್ಲ." ನಾನು ನಕ್ಕೆ. ಅವನು ನಗಲಿಲ್ಲ.

ತಿಂದದ್ದನ್ನೆಲ್ಲ ಬರೆದಿಡಲು ಡಾಕ್ಟರು ಹೇಳಿದ್ದರು. ಅದಕ್ಕಾಗಿ ಅವನಲ್ಲೊಂದು ನೀಲಿ ರಟ್ಟಿನ ಪುಸ್ತಕವಿತ್ತು. ಕಾಯಿಲೆ ಶುರುವಾಗುವ ಮುನ್ನಾದಿನದಿಂದ ನೆನಪಿದ್ದಷ್ಟನ್ನೂ ಸೇರಿಸಿ ಬರೆದಿದ್ದ: ಎರಡು ಇಡ್ಲಿ, ಮೂರು ಸಲ. ತೆಂಗಿನಕಾಯಿ ಚಟ್ನಿ, ಏಳು ಸಲ. ತೆಂಗಿನಕಾಯಿ ಬಿಟ್ಟ ಮೇಲೂ ಏಳು ಸಲ. ಒಂದು ಮಧ್ಯಾಹ್ನ ಅವನು ಹಿಂದಕ್ಕೆ ಹೋದಾಗ ಪುಸ್ತಕ ನನ್ನ ಮೇಜಿನ ಮೇಲಿತ್ತು. ಅಂಗಡಿಯಲ್ಲಿ ನಾಲ್ಕು ಜನ. ನಗಿಸುವ ಚಟ ನನ್ನದು. ಮೊದಲ ಪುಟ ತೆರೆದು, ಪುರಾಣ ವಾಚನದ ಧಾಟಿಯಲ್ಲಿ ಓದಿದೆ: "ಗುರುವಾರ ಮಧ್ಯಾಹ್ನ, ಮಿನುವಿನ ಹೋಟೆಲು, ಬೇಯಿಸಿದ ಮರಗೆಣಸು, ಮೀನು ಸಾರು. ಶುಕ್ರವಾರ ಬೆಳಿಗ್ಗೆಯಿಂದ ಶುರು." ಎಲ್ಲರೂ ನಕ್ಕರು. ಚೀಲದ ಮೇಲೆ ಕೂತಿದ್ದ ಕುಕ್ಕಪ್ಪಣ್ಣ ಮಾತ್ರ ನಗಲಿಲ್ಲ.

ಕುಕ್ಕಪ್ಪಣ್ಣ ಎಂದರೆ ಜಯಪ್ರಕಾಶನ ಹೆಂಡತಿ ಹರಿಣಾಕ್ಷಿಯ ಸೋದರಮಾವ, ಮನೆತನದ ಹಿರಿಯರು, ಕೆಟ್ಟವರಲ್ಲ. "ಇನ್ನೊಮ್ಮೆ ಓದಿ" ಎಂದರು. ಓದಿದೆ. "ಮೊದಲೇ ಹೇಳ್ಬಾರ್ದಿತ್ತಾ? ಇದು ಕೈವಿಷ."

ನಮ್ಮ ಕಡೆ ಈ ಮಾತಿಗೆ ವಿವರಣೆ ಬೇಡ. ಅನ್ನದಲ್ಲಿ ಯಾರೋ ಮದ್ದು ಬೆರೆಸುತ್ತಾರೆ, ಅದು ಹೊಟ್ಟೆಯ ಗೋಡೆಗೆ ಅಂಟಿ ಕೂತು ವರ್ಷಗಟ್ಟಲೆ ಮನುಷ್ಯನನ್ನು ಒಣಗಿಸುತ್ತದೆ, ಯಾವ ಯಂತ್ರಕ್ಕೂ ಕಾಣುವುದಿಲ್ಲ ಎಂಬುದು ನಂಬಿಕೆ. ಕಾಣದಿರುವುದೇ ಅದಕ್ಕೆ ಪುರಾವೆ. ಕೇರಳದ ಗಡಿಯಾಚೆ ಅದನ್ನು ಕಕ್ಕಿಸಿ ತೆಗೆಯುವವರೊಬ್ಬರು ಉಂಟಂತೆ. ಯಾರ ಕೈಯಿಂದ ತಿಂದದ್ದೆಂದು ರೋಗಿಯೇ ಹೆಸರು ಹೇಳಿದರೆ ಮಾತ್ರ ಇಳಿಯುವುದಂತೆ. ವಾರದೊಳಗೆ ಮಿನುವಿನ ಹೆಸರು ಕಡಬ ಮುಟ್ಟಿತು. ನನ್ನ ಅಂಗಡಿಯಿಂದ ಹೊರಟ ಮಾಲು ಅಷ್ಟು ಬೇಗ ಎಲ್ಲಿಗೂ ತಲುಪಿದ್ದಿಲ್ಲ.

ಮಿನುವಿನ ಹೋಟೆಲು ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯ ತಿರುವಿನಲ್ಲಿದೆ. ನಾಲ್ಕು ಬೆಂಚು. ಕೇರಳದಿಂದ ಬಂದು ನೆಲೆಸಿದವರು, ಗಂಡ ಷೈಜು ರಬ್ಬರ್ ಹಾಲು ತೆಗೆಯಲು ಹೋಗುತ್ತಾನೆ. ಮನೆ ನಡೆಯುವುದು ಹೋಟೆಲಿನಿಂದ. ಮುಂದಿನ ಗುರುವಾರ ನಾನು ಹೋದಾಗ ಮೂರು ಬೆಂಚು ಖಾಲಿಯಿದ್ದವು. ಮಿನು ಚಹಾ ಇಟ್ಟು ಹೇಳಿದಳು: "ಯಾರೂ ಬಾಯಿ ಬಿಟ್ಟು ಹೇಳುದಿಲ್ಲ ಚೇಟಾ. ಹಸಿವಿಲ್ಲ ಅಂತಾರೆ. ಇಡೀ ಊರಿಗೆ ಒಮ್ಮೆಗೇ ಹಸಿವು ಹೋಯ್ತಾ?"

ಇತ್ತ ಮಂಡೆಕೋಲಿನ ಮನೆಯಲ್ಲಿ ಒತ್ತಾಯ ಬೆಳೆಯುತ್ತಿತ್ತು. ಗಡಿಯಾಚೆಯವರು ದಿನವನ್ನೂ ಕೊಟ್ಟಿದ್ದರು. ಹರಿಣಾಕ್ಷಿಯನ್ನು ದೂರಲಾರೆ. ಐದು ವರ್ಷ ಗಂಡನ ಹಾಸಿಗೆ ಒಗೆದವಳು, ಗಂಜಿ ಸೋಸಿದವಳು, ಫೈಲು ಹೊತ್ತು ವರಾಂಡಗಳಲ್ಲಿ ಕಾದವಳು ಅವಳು. ನನ್ನೆದುರೇ ಅವನಿಗೆ ಹೇಳಿದಳು: "ಇಷ್ಟು ಕಡೆ ಹೋದ್ದಲ್ವಾ? ಇದೊಂದು ಕಡೆ ಹೋಗುವ. ನೀವು ಒಂದು ಹೆಸರು ಹೇಳಿದ್ರೆ ಆಯ್ತು. ಯಾರಿಗೆ ಎಂತ ನಷ್ಟ?"

"ಆಯ್ತು ಅಂತ ಹೇಳ್ಲಿಕ್ಕೆ ನನಗೂ ಆಸೆ ಉಂಟು" ಎಂದ ಜಯಪ್ರಕಾಶ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಐದು ವರ್ಷ ಒಂದು ಹೆಸರಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವನ ಕೈಗೆ ಕಡೆಗೂ ಒಂದು ಹೆಸರು ಬಂದಿತ್ತು, ಇಡೀ ಊರು ಒಪ್ಪಿದ ಹೆಸರು. ಬಾಯಿಬಿಟ್ಟು ಹೇಳಿದರೆ ಅವನ ಕಾಯಿಲೆ ನಿಜವಾಗುತ್ತಿತ್ತು, ಮಿನುವಿನ ಒಲೆ ಆರುತ್ತಿತ್ತು. ಅವನ ಎಡಗೈ ಹೊಟ್ಟೆಯ ಮೇಲೆಯೇ ಇತ್ತು. "ಅಣ್ಣ, ಗುರುವಾರ ನಾನೂ ಬರ್ತೇನೆ ಕಡಬಕ್ಕೆ" ಎಂದ.

ಗುರುವಾರ ಮಧ್ಯಾಹ್ನ, ಎದುರಿನ ಜೀಪು ಸ್ಟ್ಯಾಂಡಿನಲ್ಲಿ ಜನ ಇರುವ ಹೊತ್ತಿಗೇ ಅವನು ಹೋಟೆಲಿನ ಒಂದು ಬೆಂಚನ್ನು ಹೊರಗೆಳೆದು ರಸ್ತೆಗೆ ಮುಖಮಾಡಿ ಕೂತ.

"ಮರಗೆಣಸು ಬಡಿಸಿ ಮಿನು. ಮೀನು ಸಾರು ಉಂಟಾ?"

"ನೀವು ತಿನ್ನುದು ಬೇಡ. ನಿಮ್ಮ ಹೊಟ್ಟೆ ನನಗೆ ಗೊತ್ತಿಲ್ವಾ? ಗಂಜಿ ಮಾಡಿ ಕೊಡ್ತೇನೆ."

"ಗಂಜಿ ಮನೆಯಲ್ಲಿ ಉಂಟು."

ಅವಳು ಎರಡು ತುಂಡು ಹಾಕಿದಳು. ಅವನು ತಟ್ಟೆಯನ್ನು ಮತ್ತೆ ಮುಂದೆ ಹಿಡಿದ. ಇನ್ನೆರಡು ಹಾಕಿ, ಮೇಲೆ ಸಾರು ಬಡಿಸಿದಳು. ಜೀಪಿನ ಬಾಗಿಲಿಗೆ ಒರಗಿದ್ದ ಪದ್ಮಯ್ಯ ಕೂಗಿ ಕೇಳಿದ: "ಎಂತ ಜಯಣ್ಣ, ಒಳ್ಳೆ ಧೈರ್ಯ ಉಂಟಲ್ಲ?"

"ಧೈರ್ಯ ಎಂತಕ್ಕೆ? ಮೀನು ಸತ್ತಿದೆ ಮಾರಾಯ. ಕಚ್ಚುದಿಲ್ಲ, ನೀನೂ ಬಾ."

ಖಾರದ ಕೆಂಪು ಸಾರು ಬಾಯಿಯ ಹುಣ್ಣುಗಳ ಮೇಲೆ ಹರಿಯುವಾಗ ಅವನ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ರಸ್ತೆಯಾಚೆಯವರಿಗೆ ಅವನು ಚಪ್ಪರಿಸುವುದು ಕಂಡಿತು. ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಪದ್ಮಯ್ಯನೊಡನೆ ಮೆಣಸಿನ ಬೆಳೆಯ ಮಾತಾಡಿ ಗಾಡಿ ಹತ್ತಿದ. ಸುಳ್ಯ ಮುಟ್ಟುವುದರೊಳಗೆ ಏಳು ಕಡೆ ನಿಲ್ಲಿಸಿದೆ. ಕೊನೆಯ ಸಲ ಅವನಿಗೆ ಮೇಲೇಳಲಾಗದೆ ನಾನೇ ಕಂಕುಳಿಗೆ ಕೈ ಕೊಟ್ಟೆ. ಸೀಟಿಗೆ ಒರಗಿ, ಉಸಿರು ಸೇರಿಸಿಕೊಂಡು ಹೇಳಿದ: "ಈ ಸಲದ್ದನ್ನು ಯಾರಿಗೂ ಓದಿ ಹೇಳ್ಬೇಡಿ ಅಣ್ಣ. ನಾನು ಮಲಗಿದೆ ಅಂತ ಗೊತ್ತಾದ್ರೆ ಮಿನುವಿನ ಕಥೆ ಮುಗೀತು."

ಆಗ ನನಗೆ ಅವನು ಕೈಹಾಕಿದ ಕೆಲಸದ ಅಳತೆ ತಿಳಿಯಿತು. ತಿಂದದ್ದು ಅರ್ಧ ಕೆಲಸ. ತಿಂದ ಮೇಲೆ ಬೀಳದೆ ನಿಲ್ಲುವುದು ಉಳಿದರ್ಧ. ಶುಕ್ರವಾರ ಬೆಳಿಗ್ಗೆ, ನೂರೆರಡು ಡಿಗ್ರಿ ಜ್ವರದಲ್ಲಿ, ಅವನು ಅಂಗಡಿಗೆ ಬಂದ, ಸ್ವೆಟರು ತೊಟ್ಟಿರಲಿಲ್ಲ. ನೋಡಲೆಂದೇ ಬಂದ ಕುಕ್ಕಪ್ಪಣ್ಣ ಕೇಳಿದರು: "ಹೇಗುಂಟು ಹೊಟ್ಟೆ?"

"ಚೆಂದ ಉಂಟು ಮಾವ."

ಅವನು ನಗುತ್ತ ಎದ್ದು ಗೋದಾಮಿನ ಹಿಂದಕ್ಕೆ ಹೋದ ಕೂಡಲೇ, ಅಲ್ಲಿಯ ಸದ್ದು ಇತ್ತ ಕೇಳದಿರಲೆಂದು ನಾನು ಮೆಣಸು ಗಾಳಿಸುವ ಯಂತ್ರದ ಸ್ವಿಚ್ಚು ಒತ್ತಿದೆ. ಮೆಣಸಿನ ಒಂದು ಕಾಳೂ ಇಲ್ಲದೆ ಅದು ಆ ದಿನ ಆರು ಸಲ ಅಬ್ಬರಿಸಿತು. "ಎಂತ ಇದು, ಖಾಲಿ ಓಡ್ತದೆ?" ಎಂದು ಕುಕ್ಕಪ್ಪಣ್ಣ ಕೇಳಿದ್ದಕ್ಕೆ, ಬೇರಿಂಗಿಗೆ ಎಣ್ಣೆ ಬಿಟ್ಟಿದ್ದೇನೆ, ಓಡಿಸಿ ನೋಡುವುದು ಎಂದೆ. ಹೀಗೆ ಎಂಟು ದಿನ. ಐದು ವರ್ಷ ತನಗೆ ಕಾಯಿಲೆ ಇದೆಯೆಂದು ಯಾರನ್ನೂ ನಂಬಿಸಲಾಗದ ಮನುಷ್ಯ, ತನಗೇನೂ ಇಲ್ಲವೆಂದು ಮೂರು ತಾಲೂಕನ್ನು ಎಂಟೇ ದಿನದಲ್ಲಿ ನಂಬಿಸಿದ.

ಮಿನುವಿನ ಬೆಂಚುಗಳು ತುಂಬಿದವು. ಗಡಿಯಾಚೆಯ ದಿನ ರದ್ದಾಯಿತು. ಕುಕ್ಕಪ್ಪಣ್ಣ ಈಗ ಮದುವೆ ಮನೆಗಳಲ್ಲಿ ಹೇಳುತ್ತಾರೆ: "ಮೀನು ತಿಂದು ದಕ್ಕಿಸಿಕೊಂಡವನಿಗೆ ಎಂತ ಕಾಯಿಲೆ? ಎಲ್ಲ ಮನಸ್ಸಿನ ಹೆದರಿಕೆ." ಮಂಗಳೂರಿಗೆ ಹೋಗಲು ಕಾರು ಕೊಡುತ್ತಿದ್ದ ಹರಿಣಾಕ್ಷಿಯ ತಮ್ಮ, ಇನ್ನು ಬಸ್ಸಿನಲ್ಲೇ ಹೋಗಬಹುದಲ್ಲ ಎಂದನಂತೆ. ಆ ಮಾತನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. "ಊರಿಗೆಲ್ಲ ಗುಣ ಆಯ್ತು ಅಣ್ಣ, ಇವರಿಗೆ ಮಾತ್ರ ಆಗ್ಲಿಲ್ಲ" ಎಂದಳು. ಮಂಗಳವಾರ ಪರೀಕ್ಷೆಗೆಂದು ಅವನ ಕರುಳಿನ ತುಣುಕನ್ನು ಮತ್ತೆ ತೆಗೆದಿದ್ದಾರೆ. ಅದೀಗ ಎಲ್ಲೋ ದೂರದ ಲ್ಯಾಬಿನಲ್ಲಿದೆ, ಹತ್ತು ದಿನ ಬೇಕಂತೆ. ತೂಕ ನಲವತ್ತೆಂಟು. ನನ್ನ ಕಾರಿನಲ್ಲಿ ಹೋಗಿದ್ದರು. ಅದನ್ನು ಇಲ್ಲಿ ಬರೆಯುವುದು ಪುಣ್ಯಕ್ಕಲ್ಲ, ಆ ನೀಲಿ ಪುಸ್ತಕವನ್ನು ಎಲ್ಲರೆದುರು ಓದಿದವನು ನಾನು.

ಹೆಸರಿರುವ ಕಾಯಿಲೆಯವರನ್ನು ನೋಡಲು ನಾವು ಕಿತ್ತಳೆ ಹಣ್ಣು ಹಿಡಿದು ಹೋಗುತ್ತೇವೆ. ಹೆಸರಿಲ್ಲದ ಕಾಯಿಲೆಯವರ ಬಳಿಗೆ ಸಲಹೆ ಹಿಡಿದು. ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ: ಅವರು ಎದ್ದು ನಿಂತರೆ ಕಾಯಿಲೆಯೇ ನಾಟಕವೆನ್ನುತ್ತೇವೆ, ಮಲಗಿದರೆ ಸೋಮಾರಿತನವೆನ್ನುತ್ತೇವೆ, ಮತ್ತು ಅವರು ಎರಡಕ್ಕೂ ವಾದಿಸದೆ ತಮ್ಮ ನೋವನ್ನು ಪುರಾವೆಯಿಲ್ಲದ ಸತ್ಯದಂತೆ ಒಬ್ಬರೇ ಹೊತ್ತು ತಿರುಗುತ್ತಾರೆ. ಅನುಮಾನದಡಿ ಬದುಕುವುದು ಹೇಗಿರುತ್ತದೆಂದು ಮೈಯಲ್ಲಿ ಅರಿತವರಾದ್ದರಿಂದಲೋ ಏನೋ, ಅದನ್ನು ಇನ್ನೊಬ್ಬರ ತಲೆಯ ಮೇಲೆ ಇಳಿಸಿ ಹಗುರಾಗಲು ಅವರಿಗೆ ಕೈ ಬರುವುದಿಲ್ಲ. ಅವರ ರಿಪೋರ್ಟು ಬರುವ ದಿನ ನಮ್ಮಂಥವರು ಏನು ಬಯಸಬೇಕು ಎಂಬುದೇ ತಿಳಿಯದು. ಕಾಯಿಲೆ ಇರಲಿ ಎಂದು ಒಬ್ಬ ಸ್ನೇಹಿತನಿಗಾಗಿ ದೇವರಲ್ಲಿ ಬೇಡುವುದು ಹೇಗೆ?