ಲ್ಯಾಪ್‌ಟಾಪಿನ ಮೇಲೆ ಇಟ್ಟ ಇಸ್ತ್ರಿಪೆಟ್ಟಿಗೆ

“ಇದರ ಕಣ್ಣೂ ಹೋಯ್ತಾ?”

ಯಾರನ್ನೂ ನೋಡದೆ, ಯಾರಿಗೂ ಅಂತಲ್ಲದೆ ಟೈಲರ್ ಮಾಸ್ಟರ್ ಕೇಳಿದರು. ಹಳೇ ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ ಕೂತಿದ್ದರು. ಪಕ್ಕದಲ್ಲಿ ಹತ್ತಬೇಕಾದ ಸಾಸಿವೆ ಗಾತ್ರದ ದೀಪ ಹತ್ತಿರಲಿಲ್ಲ.

ಬಾಗಿಲ ಬಳಿ ಕೂತು ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದ ಅವರ ಹೆಂಡತಿ ಸುಮ್ಮನೆ ಒಂದು ಪದ್ಯ ಗುನುಗುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಿದ್ದೇ ಪದ್ಯ ಅರ್ಧಕ್ಕೆ ನಿಂತಿತು. ‘ಕಣ್ಣೂ’ ಅಂದರಲ್ಲ, ಅದಕ್ಕೆ.

ಮಾಸ್ಟರ್ ಕಣ್ಣು ಮಂಜಾಗುತ್ತಾ ಬಂದಿತ್ತು. ಹೋದ ದೃಷ್ಟಿ ವಾಪಸ್ ಬರೋದಿಲ್ಲ, ಇರೋದನ್ನ ಜೋಪಾನ ಮಾಡಿಕೊಳ್ಳಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಒಂದು ಕಾಲದಲ್ಲಿ ಬರೀ ಸೂಜಿ ಹಿಡಿದು ಬಟ್ಟೆಯ ಮೇಲೆ ಬಳ್ಳಿ ಹಬ್ಬಿಸುತ್ತಿದ್ದ ಮನುಷ್ಯ. ಕಣ್ಣು ಕೈಕೊಟ್ಟ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು, ಪರದೆಯ ಮೇಲೆ ಒಂದು ಮೊಗ್ಗನ್ನು ಮೊರದಷ್ಟು ಅಗಲ ಮಾಡಿಕೊಂಡು, ಒಂದೊಂದೇ ಹೊಲಿಗೆ ಬಿಡಿಸುವುದನ್ನು ಕಲಿತರು. ಅವರು ಬಿಡಿಸಿದ್ದನ್ನು ಮೂಲೆಯ ಕಸೂತಿ ಮೆಷಿನ್ ಬಟ್ಟೆಯ ಮೇಲೆ ಹಾಗೇ ಇಳಿಸುತ್ತಿತ್ತು. ಜೀವಮಾನವೆಲ್ಲ ಬೆರಳ ತುದಿಯಲ್ಲಿದ್ದ ವಿದ್ಯೆ ಈಗ ಆ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿತ್ತು. ಬೇರೆಲ್ಲೂ ಇರಲಿಲ್ಲ.

“ಸ್ವಿಚ್ ಹಾಕಿದ್ದೀರೇನ್ರೀ?”

“ಹಾಕದೇ ಇರ್ತೀನಾ? ಮಂಜಾಗಿರೋದು ಕಣ್ಣು ಕಣೇ, ಬುದ್ಧಿ ಅಲ್ಲ.”

ವೈರನ್ನು ಅತ್ತ ತಿರುಗಿಸಿದರು, ಇತ್ತ ಬಗ್ಗಿಸಿದರು. ಪಿನ್ನಿನ ತೂತಿಗೆ ಊದಿದರು. ಆ ವೈರಿಗೋ ಮೊದಲೇ ಮೈತುಂಬ ಕಪ್ಪು ಟೇಪು. ಬಿದ್ದು ಬಂದ ಕಾಲಿಗೆ ಪಟ್ಟಿ ಸುತ್ತಿದ ಹಾಗಿತ್ತು. ಕೊನೆಗೆ ಎದುರಿನ ಸೈಕಲ್ ಅಂಗಡಿಯವನು ಬಂದ. ಹಗಲೆಲ್ಲ ಟ್ಯೂಬಿಗೆ ಗಾಳಿ ಹೊಡೆಯುವ ಅವನನ್ನು ಬೀದಿಯವರು ಪಂಪಣ್ಣ ಅನ್ನುತ್ತಿದ್ದರು. ಕೈಯಲ್ಲಿ ಯಾವುದೋ ಬೇರೆ ಲ್ಯಾಪ್‌ಟಾಪಿನ ಚಾರ್ಜರ್ ಇತ್ತು.

“ಇದನ್ನ ಹಾಕಿ ನೋಡಿ ಮಾಸ್ಟರ್.”

“ಇದಕ್ಕೆ ಆಗುತ್ತೇನಯ್ಯಾ?”

“ತೂತಿಗೆ ಕೂತ್ರೆ ಆಯ್ತು. ಕರೆಂಟು ಅಂದ್ರೆ ಕರೆಂಟೇ ಅಲ್ವಾ.”

ದೀಪ ಹತ್ತಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು. ಮುಚ್ಚಳ ಸರಿಯಾಗಿ ಮುಚ್ಚುತ್ತಿರಲಿಲ್ಲ. ಕೀಬೋರ್ಡಿನ ಕೆಳಗೆ ಬೆರಳಾಡಿಸುವ ಚೌಕ ಮೇಲೆದ್ದಿತ್ತು. ಮೇಜಿನ ಮೇಲಿಟ್ಟರೆ ತೊಟ್ಟಿಲ ಹಾಗೆ ತೂಗುತ್ತಿತ್ತು. ಸಂಜೆಗೆ ದೀಪ ಮತ್ತೆ ಆರಿತು.

“ಒಳಗೆ ಉಬ್ಬಿದೆ, ಅಷ್ಟೇ,” ಅಂದರು ಮಾಸ್ಟರ್, ಬೆರಳಲ್ಲಿ ಸವರಿ ನೋಡಿ. “ಉಬ್ಬಿದ್ದನ್ನ ಕೂರಿಸೋದು ನನಗೆ ಹೊಸದಾ?”

ಹೊಸದಲ್ಲ, ನಿಜ. ಅವರ ಅಂಗಡಿಯಲ್ಲಿ ಅಪ್ಪನ ಕಾಲದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಒಂದಿತ್ತು. ಅದಕ್ಕೆ ಇದ್ದಿಲು ಹಾಕುವುದು ಬಿಟ್ಟು ಬಹಳ ಕಾಲವಾಗಿತ್ತು. ಈಗ ತಣ್ಣಗೆ, ಬರೀ ಭಾರಕ್ಕೆ. ಕಾಲರು ಎದ್ದು ನಿಂತರೆ ಅದರ ಮೇಲೆ ಪೆಟ್ಟಿಗೆ. ಅಸ್ತರು ಗಾಳಿ ಹಿಡಿದರೆ ಪೆಟ್ಟಿಗೆ. ಇದು ಬೀದಿಗೆಲ್ಲ ಗೊತ್ತಿತ್ತು. ನೆಂದು ಉಬ್ಬಿದ ಪುಸ್ತಕ, ಸುರುಳಿ ಸುತ್ತಿದ ಫೋಟೋ, ಮುದುರಿದ ಸರ್ಟಿಫಿಕೇಟು, ಏನಿದ್ದರೂ ತರುತ್ತಿದ್ದರು. “ಮಾಸ್ಟರ್, ಸ್ವಲ್ಪ ಹೊತ್ತು ಇಟ್ಟುಕೊಡಿ.” ಮಾಸ್ಟರ್ ಯಾರಿಗೂ ಇಲ್ಲ ಅಂದವರಲ್ಲ.

ಹಾಗೆ ಪೆಟ್ಟಿಗೆ ಲ್ಯಾಪ್‌ಟಾಪಿನ ಮೇಲೆ ಕೂತಿತು. ಕೂತಿದ್ದೇ ತಡ, ದೀಪ ಹತ್ತಿತು.

“ನೋಡಿದ್ಯಾ?” ಅಂದರು ಮಾಸ್ಟರ್, ಏನಾಯ್ತು ಅಂತ ನೋಡಲು ಬಂದಿದ್ದ ಪಂಪಣ್ಣನಿಗೆ.

“ಗಾಳಿ ತುಂಬೋದು ನನ್ನ ಕೆಲಸ, ಇಳಿಸೋದು ನಿಮ್ಮ ಕೆಲಸ,” ಅಂತ ಪಂಪಣ್ಣ ನಕ್ಕ.

ಹೆಂಡತಿ ನಗಲಿಲ್ಲ. “ನನ್ನ ತಂಗೀನ ಕರೀಲಾ? ರಿಪೇರಿ ಅಂಗಡೀಲಿ ದಿನಾ ಇದನ್ನೇ ನೋಡ್ತಾಳೆ.”

“ಬೇಡ. ಬಂದ್ರೆ ‘ಎಸೀರಿ ಭಾವ’ ಅಂತಾಳೆ. ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ.”

ಅಂದಿನಿಂದ ಅದೇ ಅಭ್ಯಾಸವಾಯಿತು. ಕೆಲಸ ಮುಗಿದರೆ ಲ್ಯಾಪ್‌ಟಾಪು, ಅದರ ಮೇಲೆ ಇಸ್ತ್ರಿಪೆಟ್ಟಿಗೆ, ಸುತ್ತ ಬಟ್ಟೆಯ ರಾಶಿ. ಹೆಂಡತಿ ದಿನಾ ದೇವರಿಗೆ ಕೈಮುಗಿಯುವಾಗ ಆ ದೀಪದ ಕಡೆಗೂ ಒಮ್ಮೆ ನೋಡುತ್ತಿದ್ದಳು. ಒಂದು ದಿನ ಮಧ್ಯಾಹ್ನ ಅಂಗಡಿಯಲ್ಲಿ ಸಿಹಿ ಸಿಹಿಯಾದ ಒಂದು ವಾಸನೆ ಬಂತು, ಉಗುರಿಗೆ ಹಚ್ಚುವ ಬಣ್ಣದ ಹಾಗೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಉಗುರಿಗೆ ಬಣ್ಣ ಹಚ್ಚುವವರು ಆ ಮನೆಯಲ್ಲೂ ಇರಲಿಲ್ಲ. ಅವಳು ಗಂಡನನ್ನು ಕೇಳಲಿಲ್ಲ. ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದಳು.

ತಂಗಿ ಚಪ್ಪಲಿಯನ್ನೂ ಬಿಡಲಿಲ್ಲ. ಬಂದವಳೇ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತಳು. ಆಮೇಲೆ ಎರಡೂ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟಳು. ಲ್ಯಾಪ್‌ಟಾಪನ್ನು ಎಳೇ ಮಗುವಿನ ಹಾಗೆ ಎತ್ತಿಕೊಂಡು ಹೋಗಿ, ಹಿತ್ತಲಿನ ಬರಿಯ ಸಿಮೆಂಟು ನೆಲದ ಮೇಲೆ ಇಟ್ಟಳು.

“ಏನಮ್ಮಾ, ಹೇಗಿದ್ದೀರಿ ಭಾವ ಅಂತಾನೂ ಕೇಳಲಿಲ್ಲ,” ಅಂದರು ಮಾಸ್ಟರ್.

“ಇದ್ದೀರಲ್ಲ, ಅದೇ ದೊಡ್ಡದು. ಯಾರು ಹೇಳಿದ್ರು ಭಾವ, ಇದರ ಮೇಲೆ ಭಾರ ಇಡೋಕೆ?”

“ಯಾರು ಹೇಳಬೇಕು? ಉಬ್ಬಿತ್ತು, ಒತ್ತಿದೆ.”

“ಇದು ಕಾಲರಲ್ಲ. ಬ್ಯಾಟರಿ ಹಾಳಾಗಿ ಒಳಗೆ ಗ್ಯಾಸ್ ತುಂಬಿದೆ, ಅದಕ್ಕೇ ಉಬ್ಬಿರೋದು. ಅಕ್ಕ ಹೇಳಿದ ಸಿಹಿ ವಾಸನೆಯೂ ಅದರದ್ದೇ. ನೀವು ಬಟ್ಟೆಗೂ ಬಟ್ಟೆಗೂ ನಡುವೆ ಅಸ್ತರು ಕೊಡ್ತೀರಲ್ಲ, ಹಾಗೇ ಬ್ಯಾಟರಿ ಒಳಗೂ ಎರಡು ಪದರದ ನಡುವೆ ಒಂದು ತೆಳು ಪೊರೆ. ಮೇಲಿಂದ ಒತ್ತಿದ್ರೆ ಪೊರೆ ಹರಿಯುತ್ತೆ. ಪದರಕ್ಕೆ ಪದರ ತಾಗಿದ್ರೆ ಬೆಂಕಿ. ಆ ಬೆಂಕಿ ಹೇಳಿ ಕೇಳಿ ಬರಲ್ಲ.”

“ಒತ್ತಿದ ಮೇಲೇ ತಾನೇ ದೀಪ ಹತ್ತಿದ್ದು?”

“ಚಾರ್ಜರ್ ಪಿನ್ನು ಸಡಿಲ ಆಗಿತ್ತು, ಭಾರಕ್ಕೆ ತಾಗಿಕೊಳ್ತು. ನಿಮ್ಮ ಪೆಟ್ಟಿಗೆ ವಾಸಿ ಮಾಡಲಿಲ್ಲ ಭಾವ, ಬಾಯಿ ಮುಚ್ಚಿಸ್ತು. ಅದರ ಮೇಲೆ ಇನ್ಯಾರದೋ ಚಾರ್ಜರ್ ಬೇರೆ. ತೂತಿಗೆ ಕೂತ್ರೆ ಸಾಲದು, ಅದರ ಮೇಲೆ ಬರೆದಿರೋ ವೋಲ್ಟು ಈ ಲ್ಯಾಪ್‌ಟಾಪಿಗೆ ಹೊಂದಬೇಕು.”

“ಹಾಗಾದ್ರೆ ಚಾರ್ಜ್ ಆಗಲಿಲ್ಲ ಅಂದ್ರೆ ಏನ್ ಮಾಡ್ಬೇಕಿತ್ತು ಕಣೇ?” ಅಕ್ಕ ಕೇಳಿದಳು.

“ಮೊದಲು ಅದೇ ಪ್ಲಗ್ಗಿಗೆ ನಿನ್ನ ಮೇಜಿನ ದೀಪ ಹಾಕಿ ನೋಡ್ಬೇಕು, ಗೋಡೇಲಿ ಕರೆಂಟ್ ಇದೆಯಾ ಅಂತ. ಆಮೇಲೆ ವೈರು. ಹರಿದಿದ್ರೆ ಟೇಪು ಸುತ್ತೋದಲ್ಲ, ಬದಲಾಯಿಸೋದು. ಆದರೆ ಇವೆಲ್ಲಕ್ಕೂ ಮುಂಚೆ ಮೈ ಸವರಿ ನೋಡ್ಬೇಕು ಅಕ್ಕ. ಎಲ್ಲಾದ್ರೂ ಉಬ್ಬಿದ್ರೆ ಇನ್ನೇನೂ ನೋಡೋ ಹಾಗಿಲ್ಲ. ಆರಿಸಿ, ಪ್ಲಗ್ ಕಿತ್ತು, ಬಟ್ಟೆ ಬರೆಯಿಂದ ದೂರ ಇಟ್ಟು, ನಮ್ಮಂಥವರನ್ನ ಕರೀಬೇಕು.”

ಮಾಸ್ಟರ್ ಲ್ಯಾಪ್‌ಟಾಪಿನ ಕಡೆಗೆ ತಿರುಗಿದರು. ಆಮೇಲೆ ಮೆತ್ತಗೆ ಅಂದರು, “ಅದೆಲ್ಲ ಸರಿ. ಒಂದೇ ಒಂದು ಸಲ ಆನ್ ಮಾಡಿಬಿಡು. ನನ್ನ ಚಿತ್ರಗಳೆಲ್ಲ ಅದರೊಳಗಿವೆ ಕಣಮ್ಮ. ತೆಗೆದುಕೊಂಡು ಆರಿಸಿಬಿಡೋಣ.”

“ಚಿತ್ರ ಬ್ಯಾಟರಿಯಲ್ಲಿ ಇರಲ್ಲ ಭಾವ. ಪಕ್ಕದಲ್ಲಿ ಡಿಸ್ಕ್ ಅಂತ ಒಂದು ಇರುತ್ತೆ. ಅಂಗಡೀಲಿ ಬ್ಯಾಟರಿ ಬಿಚ್ಚಿ, ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಹಾಕಿ ತೆಗೀತೀನಿ.” ಹಾಗಂದವಳು ಲ್ಯಾಪ್‌ಟಾಪಿನ ಮೇಲೆ ಬಿದ್ದ ಗುರುತು ನೋಡಿ ತಡೆದಳು. “ಪೆಟ್ಟಿಗೆ ದಿನಾ ಇಲ್ಲೇ ಇಡ್ತಿದ್ರಾ? ಎಡಗಡೆಗೆ?”

“ಅಲ್ಲೇ. ಉಬ್ಬಿದ ಚೌಕದಿಂದ ಆ ಅಂಚಿನ ತನಕ.”

“ಡಿಸ್ಕ್ ಇರೋದೂ ಅದೇ ಕಡೆ,” ಅಂದಳು ತಂಗಿ. ಅವಳು ಹೇಳದೇ ಇದ್ದದ್ದನ್ನು ಅಕ್ಕ ಕೇಳಿಸಿಕೊಂಡಳು.

ತನ್ನ ರಿಪೇರಿ ಅಂಗಡಿಯಿಂದ ತಗಡಿನ ಡಬ್ಬ ತರಿಸಿ, ಲ್ಯಾಪ್‌ಟಾಪನ್ನು ಅದರಲ್ಲಿಟ್ಟುಕೊಂಡು ತಂಗಿ ಹೋದಳು. ಆ ಸಂಜೆ ಅಂಗಡಿಯಲ್ಲಿ ಮೆಷಿನ್ ಸದ್ದಿಲ್ಲ. ಮಾಸ್ಟರ್ ಖಾಲಿ ಮೇಜಿನ ಮೇಲೆ ಕೈಯಾಡಿಸುತ್ತಾ ಕೂತರು. ಹೆಂಡತಿ ತನ್ನ ಪದ್ಯ ಹಿಡಿದಳು. ಅದು ಅವಳ ಅಜ್ಜಿಯ ಬಾಯಿಂದ ಬಂದದ್ದು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ, ಮೊಮ್ಮಕ್ಕಳಿಗೆ, ನೀರಿಗೆ ಬಂದ ನೆರೆಯವರಿಗೆ ಹೇಳಿಕೊಟ್ಟಿದ್ದಳು. ಅಜ್ಜಿ ಹೋದಳು, ಪದ್ಯ ಹೋಗಲಿಲ್ಲ. ಅಷ್ಟು ಬಾಯಲ್ಲಿತ್ತಲ್ಲ. ಗಂಡನ ಬಳ್ಳಿಗಳೋ, ಒಂದೇ ಲ್ಯಾಪ್‌ಟಾಪಿನಲ್ಲಿ. ಇದು ತನಗೆ ಮುಂಚೆಯೇ ಯಾಕೆ ಹೊಳೆಯಲಿಲ್ಲ ಅಂತ ಅವಳಿಗೆ ದುಃಖವಾಯಿತು.

ತಂಗಿ ವಾಪಸ್ ಬಂದಾಗ ಕೈಯಲ್ಲಿ ಎರಡು ಪೆನ್‌ಡ್ರೈವ್ ಇದ್ದವು.

“ಒಂದು ಇಲ್ಲಿರಲಿ, ಒಂದು ನಮ್ಮನೇಲಿ. ನೀವು ಸ್ಕೂಲಿಗೆ ಅಂತ ಬಿಡಿಸಿದ್ದ ಬ್ಯಾಡ್ಜುಗಳು ಬಂದಿವೆ. ಹಳೇ ಬಳ್ಳಿಗಳೂ ಬಂದಿವೆ.”

“ಈ ವರ್ಷದ್ದು?”

ತಂಗಿ ಅಕ್ಕನ ಮುಖ ನೋಡಿದಳು.

“ಭಾರಕ್ಕೆ ಡಿಸ್ಕ್ ಒಳಗೆ ಗೀರು ಬಿದ್ದಿದೆ ಭಾವ. ಗೀರು ಬಿದ್ದ ಕಡೆಯದು ಓದೋಕೆ ಆಗಲಿಲ್ಲ. ಡಿಸ್ಕಿನ ಕೆಲಸಾನೇ ಮಾಡೋ ದೊಡ್ಡ ಅಂಗಡಿಯವರ ಹತ್ರಾನೂ ಕೊಟ್ಟು ನೋಡಿದೆ.”

ಈ ವರ್ಷದ್ದು ಅಂದರೆ ಮಾಸ್ಟರ್ ಕಣ್ಣು ತೀರಾ ಮಂಜಾದ ಮೇಲೆ ಬಿಡಿಸಿದ್ದು. ಪರದೆಗೆ ಮೂಗು ತಾಗಿಸಿ, ಒಂದು ಎಲೆಗೆ ಒಂದು ಹಗಲು ಕೂತು ಬಿಡಿಸಿದ್ದು. ಇನ್ನೊಮ್ಮೆ ಬಿಡಿಸಲು ಆ ಕಣ್ಣಲ್ಲಿ ಅಷ್ಟು ಬೆಳಕು ಉಳಿದಿರಲಿಲ್ಲ. ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

“ಒತ್ತಿದ್ದು ನಾನೇ,” ಅಂದರು ಮಾಸ್ಟರ್.

ಹೆಂಡತಿ ಅವರ ಕೈ ಮೇಲೆ ಕೈಯಿಟ್ಟಳು. ತಂಗಿ ಹೊರಗೆ ನೋಡುತ್ತಾ, “ಅಂಗಡಿ ಉಳಿಯಿತು ಭಾವ. ಅಕ್ಕ ಉಳಿದಳು,” ಅಂದಳು. ಮಾಸ್ಟರ್ ತಲೆಯಾಡಿಸಿದರು. ಆ ಮಾತನ್ನು ಒಪ್ಪಿದರು, ಆದರೆ ಅದರಿಂದ ಸಮಾಧಾನವಾದ ಹಾಗೆ ಕಾಣಲಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಮನೆಗೆ ಹೋದವರೇ ನಿಮ್ಮ ಲ್ಯಾಪ್‌ಟಾಪಿನ, ಫೋನಿನ ಮೈಯನ್ನು ಒಮ್ಮೆ ಸವರಿ ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ, ನೀವೇ ಬಿಚ್ಚಲು ಹೋಗಬೇಡಿ. ಆರಿಸಿ, ಬರಿಯ ನೆಲದ ಮೇಲೆ ಇಟ್ಟು, ತಿಳಿದವರನ್ನು ಕರೆಯಿರಿ. ಹೊಗೆ ಬಂದರೆ, ಸುಯ್ ಅಂತ ಸದ್ದು ಕೇಳಿದರೆ, ಅದನ್ನು ಉಳಿಸಲು ನಿಲ್ಲದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಅಗ್ನಿಶಾಮಕದವರಿಗೆ ಫೋನ್ ಮಾಡಿ. ಹಾಸಿಗೆಯ ಮೇಲೆ, ಬಟ್ಟೆಯ ಮೇಲೆ ಇಟ್ಟು ಚಾರ್ಜ್ ಮಾಡುವುದನ್ನು ಬಿಡಿ. ತೆಗೆದ ಬ್ಯಾಟರಿ ಕಸದ ಬುಟ್ಟಿಗಲ್ಲ, ಅದನ್ನು ತೆಗೆದುಕೊಳ್ಳುವ ಕಡೆಗೇ ಕೊಡಿ. ಮತ್ತೆ, ನಿಮ್ಮ ಕೈಕೆಲಸ, ಮಕ್ಕಳ ಓದು, ಮನೆಯವರ ಫೋಟೋ ಏನಿದ್ದರೂ ಎರಡು ಕಡೆ ಇಡಿ. ಪದ್ಯವನ್ನು ಇನ್ನೊಂದು ಬಾಯಿಗೆ ಕಲಿಸಿಟ್ಟ ಹಾಗೆ.

ಮಾಸ್ಟರ್ ಈಗ ಹೇಗಿದ್ದಾರೆ ಅಂತೀರಾ? ಹಳೇ ಬಳ್ಳಿಗಳನ್ನೇ ಹೆಂಡತಿ ಮೆಷಿನ್ನಿಗೆ ಹಾಕುತ್ತಾಳೆ, ಅವರು ಬೆರಳಲ್ಲಿ ಸವರಿ ಸರಿ ತಪ್ಪು ಹೇಳುತ್ತಾರೆ. ಮೊನ್ನೆ ಪಂಪಣ್ಣ ಬಂದಿದ್ದ. ಕೈಯಲ್ಲಿ ಅವನ ಫೋನು, ಬೆನ್ನು ಉಬ್ಬಿ ಗಾಜು ಬಿಟ್ಟುಕೊಂಡಿತ್ತು.

“ಮಾಸ್ಟರ್, ಗಾಳಿ ತುಂಬೋದು ನನ್ನ ಕೆಲಸ, ಇಳಿಸೋದು ನಿಮ್ಮದು. ಸ್ವಲ್ಪ ಹೊತ್ತು ನಿಮ್ಮ ಪೆಟ್ಟಿಗೆ ಕೆಳಗೆ ಇಟ್ಟುಕೊಡಿ.”

ಮಾಸ್ಟರ್ ಫೋನನ್ನು ಸವರಿ ನೋಡಿದರು. ಕೈ ಅಲ್ಲೇ ನಿಂತಿತು. ಹೆಂಡತಿ ಹೊಲಿಗೆ ನಿಲ್ಲಿಸಿ ಕಿವಿಗೊಟ್ಟಳು.

“ಇಡಲ್ಲ,” ಅಂದರು ಮಾಸ್ಟರ್.