ಸೌದೆ ಕೊಂಡವರು

ಯುಗಾದಿ ಕಳೆದ ಮೇಲೆ ಆ ಟೀ ಎಸ್ಟೇಟಿನಲ್ಲಿ ಯಾರಿಗೂ ಕೂಲಿ ಸಿಕ್ಕಿರಲಿಲ್ಲ. ಮಾಲೀಕರಿಗೆ ನಷ್ಟ ಎಂದು ಕೂಲಿ ಲೆಕ್ಕ ಬರೆಯುವ ರೈಟರ್ ಪ್ರತಿ ಶನಿವಾರ ಅದೇ ಮಾತು ಹೇಳಿ ಕಳಿಸುತ್ತಿದ್ದ. ಹೆತ್ತೂರಿನ ಅಂಗಡಿಯವರು ಉದ್ರಿ ನಿಲ್ಲಿಸಿದ್ದರು. ಕೂಲಿಯವರ ಲೈನ್ ಮನೆಗಳಲ್ಲಿ ಅನ್ನ ಬೇಯುತ್ತಿದ್ದುದು ಟೀ ಸೊಪ್ಪು ಕೊಯ್ಯುವ ಹೆಂಗಸರು ವಾರವಾರ ಕೂಡಿಟ್ಟ ಸಂಘದ ದುಡ್ಡಿನಿಂದ. ಅಕ್ಕಿಗೆಂದು ಎಲ್ಲರೂ ಎತ್ತುತ್ತಿದ್ದರು, ಕಟ್ಟುವವರು ಯಾರೂ ಇರಲಿಲ್ಲ. ಅದು ಬರಿದಾಗುವ ದಿನ ಅಧ್ಯಕ್ಷೆ ಇಂದ್ರಮ್ಮನ ಕಣ್ಣಿಗೆ ಕಾಣುತ್ತಿತ್ತು.

ಉಳಿದಿದ್ದನ್ನು ಮಾದಮ್ಮನ ಚಿಕಿತ್ಸೆಗೆ ಮೀಸಲಿಟ್ಟಿದ್ದರು. ಗಂಡಸರು ನಗಾಡುತ್ತಿದ್ದ ಕಾಲದಲ್ಲಿ ಮನೆಮನೆ ತಿರುಗಿ ಆ ಸಂಘ ಕಟ್ಟಿದವಳು ಮಾದಮ್ಮ. ಈಗ ಏರು ಹತ್ತಲಾಗದೆ ದಾರಿಯಲ್ಲೇ ಕೂತುಬಿಡುತ್ತಿದ್ದಳು. ಹೃದಯದ ತೊಂದರೆ ಇರಬಹುದು, ಹಾಸನಕ್ಕೆ ಕರೆದೊಯ್ಯಿರಿ ಎಂದಿದ್ದರು ಸಕಲೇಶಪುರದ ಡಾಕ್ಟರು.

ಹಾಸನಕ್ಕೆ ಹೊರಡಬೇಕೆಂದಿದ್ದ ದಿನದ ಹಿಂದಿನ ಸಂಜೆ, ಸಂಘದ ಸಭೆಗೆ ಮ್ಯಾನೇಜರ್ ಶಾಂತಮಲ್ಲಪ್ಪ ಬಂದರು. ಲೈನಿಗೆ ಎಂದೂ ಕಾಲಿಡದ ಮನುಷ್ಯ. ಇಂದ್ರಮ್ಮ ಕೊಟ್ಟ ಕುರ್ಚಿಯ ತುದಿಯಲ್ಲಿ ಕೂತರು.

"ಮಳೆ ಬಿದ್ದು ಸೊಪ್ಪು ಚೆನ್ನಾಗಿ ಚಿಗುರಿದೆ. ಫ್ಯಾಕ್ಟರೀಲಿ ಒಣಗಿಸೋಕೆ ಸೌದೆ ಇಲ್ಲ. ನಮಗೆ ಯಾರೂ ಸಾಲ ಕೊಡ್ತಿಲ್ಲ. ನಿಮ್ಮ ಸಂಘದಿಂದ ಕೊಟ್ರೆ ಟೀ ಮಾರಿ ಮೊದಲು ನಿಮ್ಮದು ತೀರಿಸ್ತೀನಿ."

ತಮ್ಮ ಕೂಲಿ ಹಿಡಿದಿಟ್ಟವರೇ ತಮ್ಮ ಹತ್ತಿರ ಸಾಲ ಕೇಳುತ್ತಿದ್ದಾರೆಂದು ಅರ್ಥವಾಗಲು ಹೆಂಗಸರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲಲ್ಲಿ ನಿಂತಿದ್ದ ಇಂದ್ರಮ್ಮನ ಗಂಡ ಸಿದ್ದಯ್ಯ, "ಕೊಡ್ರೇ. ಫ್ಯಾಕ್ಟ್ರಿ ನಿಂತ್ರೆ ಈ ಮನೇನೂ ಹೋಗ್ಬುಡ್ತದೆ" ಎಂದ.

"ಮಾದಮ್ಮನ ಗತಿ ಏನು?" ಎಂದು ರೇಗಿದಳು ಇಂದ್ರಮ್ಮ.

ಗೋಡೆಗೊರಗಿದ್ದ ಮಾದಮ್ಮ ಉಸಿರು ಎಳೆದುಕೊಂಡಳು. "ನಂದು ಎಲ್ಡು ವಾರ ತಡ ಆದ್ರೂ ಆಯ್ತದೆ. ಸೊಪ್ಪು ಕಾಯಕ್ಕಿಲ್ಲ ಕಣೇ, ಬಲ್ತೋಯ್ತದೆ."

ಇಂದ್ರಮ್ಮ ಅವಳ ಮುಖ ನೋಡಿದಳು, ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು. "ಸಾಲ ಕೊಡಾಕಿಲ್ಲ ಸಾರ್. ಸಂಘದ ದುಡ್ಡಲ್ಲಿ ಸೌದೆ ನಾವೇ ಕೊಂಡು ತರ್ತೀವಿ. ಒಣಗಿದ ಟೀಲಿ ಅರ್ಧ ಸಂಘದ್ದು. ದಿನಾ ಸಂಜೆ ನಮ್ಮ ಕೈಗೆ ಬರ್ಬೇಕು."

"ಹಾಗೆ ಬರೆದುಕೊಡೋಕೆ ನನಗೆ ಅಧಿಕಾರ ಇಲ್ಲಮ್ಮ."

"ಹಂಗಾದ್ರೆ ಸಂಘದ ದುಡ್ಡು ಸುರಿಯಾಕೆ ನಮಗೂ ಅಧಿಕಾರ ಇಲ್ಲ."

ಮರುದಿನ ಅವರು ಬರೆದು ಸಹಿ ಹಾಕಿಕೊಟ್ಟರು.

ಫ್ಯಾಕ್ಟರಿಯ ಚಿಮಣಿಯಲ್ಲಿ ಮತ್ತೆ ಹೊಗೆಯೆದ್ದಿತು. ಹೆಂಗಸರು ಜಿಗಣೆಗಳನ್ನು ಕಿತ್ತೆಸೆಯುತ್ತ ಬೆಳಗಿನಿಂದ ಸೊಪ್ಪು ಕೊಯ್ದರು. ಸಂಜೆ ತಮ್ಮ ಪಾಲಿನ ಮೂಟೆಗಳನ್ನು ತಲೆಯ ಮೇಲೆ ಹೊತ್ತು ಲೈನಿಗೆ ತಂದರು.

"ಗೋಡೌನ್ ಐತಲ್ಲ, ಅಲ್ಲೇ ಇಡಬಾರ್ದಾ?" ಎಂದ ಸಿದ್ದಯ್ಯ.

"ನಮ್ಮ ಕೂಲೀನೂ ಅವರತ್ರನೇ ಐತಲ್ಲ," ಎಂದಳು ಇಂದ್ರಮ್ಮ.

ಎರಡನೆಯ ವಾರ ಮುಗಿಯುವ ಮೊದಲೇ ಮಾಲೀಕರ ಕಡೆಯವರು ಲಾರಿ ತಂದರು. ಗೋಡೌನಿನ ಟೀ ತುಂಬಿಸಿ ಫ್ಯಾಕ್ಟರಿಗೆ ಬೀಗ ಜಡಿದರು. ಆಮೇಲೆ ಲಾರಿ ಲೈನಿನ ಕಡೆ ತಿರುಗಿತು. ಹೆಂಗಸರು ಒಂದೊಂದು ಹೊಸ್ತಿಲಿಗೆ ಒಬ್ಬೊಬ್ಬರಂತೆ ಕೂತುಬಿಟ್ಟರು. ಇಂದ್ರಮ್ಮ ತೋರಿಸಿದ ಕಾಗದ ಓದಿ, ಬಂದವರಲ್ಲೊಬ್ಬ ಲಾರಿಯ ಹಿಂದೆಯೇ ಬಂದಿದ್ದ ಶಾಂತಮಲ್ಲಪ್ಪನವರನ್ನು ಕೇಳಿದ: "ಇದು ನಿಮ್ಮ ಸಹೀನಾ?"

ಅವರು ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. ಇಲ್ಲ ಅನ್ನುತ್ತಾರೆ ಎಂದೇ ಇಂದ್ರಮ್ಮ ಎಣಿಸಿದ್ದಳು.

"ನಂದೇ," ಎಂದರು. "ಅದು ಅವರದ್ದು. ಬಿಡಿ."

ಲಾರಿ ಹೋಯಿತು. ಅವತ್ತೇ ಶಾಂತಮಲ್ಲಪ್ಪನವರೂ ಕೆಲಸ ಕಳೆದುಕೊಂಡು ಕ್ವಾರ್ಟರ್ಸ್ ಖಾಲಿ ಮಾಡಿದರು.

ಆ ಗಲಾಟೆಯ ನಡುವೆ ಮಾದಮ್ಮ ಹೊಸ್ತಿಲಿನಿಂದ ಪಕ್ಕಕ್ಕೆ ವಾಲಿದ್ದನ್ನು ಯಾರೂ ಕೂಡಲೇ ಗಮನಿಸಿರಲಿಲ್ಲ. ತುಟಿ ನೀಲಿಯಾಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬೇರೆ ಕಡೆ ಹೋಗಿದೆ ಎಂದರು. ಜೀಪಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ, ಎಲ್ಲ ಸೌದೆಯಾಗಿ ಉರಿದುಹೋಗಿತ್ತು. ಇಂದ್ರಮ್ಮ ಹಾನುಬಾಳಿನ ಜೀಪ್ ಡ್ರೈವರ್ ಲೋಹಿತನಿಗೆ ಫೋನಿನಲ್ಲಿ ಅಂಗಲಾಚಿದಳು. "ಬಾಡಿಗೆಗೆ ಟೀ ಮೂಟೆ ತಕೊಂಡೋಗು ಮಾರಾಯ. ಎಷ್ಟಾದ್ರೂ ತಕೊ, ಬಂದ್ಬುಡು."

ಅವನು ಬಂದ. ಹಿಂದಿನ ಸೀಟಿನಲ್ಲಿ ಮಾದಮ್ಮನ ತಲೆ ಇಂದ್ರಮ್ಮನ ತೊಡೆಯ ಮೇಲೆ, ಕಾಲ ಕೆಳಗೆ ಮೂಟೆ. ತಿರುವು ತಿರುವಿಗೂ ಇಂದ್ರಮ್ಮ ಅವಳ ಮೂಗಿಗೆ ಬೆರಳಿಟ್ಟು ನೋಡುತ್ತಿದ್ದಳು.

ಹಾಸನದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಜೀವ ಉಳಿಸಿದರು. ಆದರೆ ಇಂದ್ರಮ್ಮನನ್ನು ಹೊರಗೆ ಕರೆದು, "ಎರಡು ವಾರ ಮುಂಚೆ ಬಂದಿದ್ದರೆ ಹೃದಯಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ. ಇನ್ನು ಅವರು ಕೆಲಸ ಮಾಡುವ ಹಾಗಿಲ್ಲ" ಎಂದರು. ಈ ಮಾತನ್ನು ಅವಳು ಸಿದ್ದಯ್ಯನಿಗೂ ಹೇಳಲಿಲ್ಲ.

ಫ್ಯಾಕ್ಟರಿ ಮತ್ತೆ ತೆರೆಯಲಿಲ್ಲ. ಹೆಂಗಸರು ಟೀಯನ್ನು ಪೊಟ್ಟಣ ಕಟ್ಟಿ ಹೆತ್ತೂರು, ಹಾನುಬಾಳಿನ ಬಸ್ ನಿಲ್ದಾಣಗಳಲ್ಲಿ ಮಾರಿದರು. ಆ ದುಡ್ಡಿನಲ್ಲಿ ಅಕ್ಕಿ ಬಂತು, ಮಾದಮ್ಮನ ಮಾತ್ರೆ ಬಂತು. ಮೂಟೆಗಳು ಮುಗಿಯುತ್ತ ಬಂದಾಗ ಎಲ್ಲರೂ ಒಟ್ಟಾಗಿ ಒಂದು ಕಾಫಿ ಎಸ್ಟೇಟಿಗೆ ಹೋಗಿ ನಿಂತರು. ಬಂದರೆ ಸಂಘವೇ ಬರುತ್ತದೆ, ಕೂಲಿ ವಾರವಾರ ಸಂಘದ ಖಾತೆಗೆ ಬೀಳಬೇಕು ಎಂದರು. ಕಳೆ ತೆಗೆಯಲು ಆಳು ಸಿಗದಿದ್ದ ಮಾಲೀಕ ಗೊಣಗುತ್ತ ಒಪ್ಪಿದ.

ಮೊದಲ ದಿನ ಕೆಲಸಕ್ಕೆ ಹೊರಡುವ ಮುಂಚೆ ಇಂದ್ರಮ್ಮ ಮಾದಮ್ಮನಿಗೆ ಗಂಜಿ ಕೊಡಲು ಹೋದಳು.

"ಡಾಕ್ಟ್ರು ಏನಂದ್ರು ಅಂತ ನೀನು ಹೇಳ್ನೇ ಇಲ್ಲ," ಎಂದಳು ಮಾದಮ್ಮ.

"ಮಾತ್ರೆ ನುಂಗ್ಬೇಕಂತೆ."

"ಸುಳ್ಳು ಹೇಳ್ಬ್ಯಾಡ. ತಡವಾಯ್ತು ಅಂದ್ರಾ?"

ಇಂದ್ರಮ್ಮ ಹೌದೆಂದು ತಲೆಯಾಡಿಸಿದಳು.

"ತಡ ಆದ್ರೂ ಆಯ್ತದೆ ಅಂದೋಳು ನಾನು, ನೀನಲ್ಲ," ಎಂದಳು ಮಾದಮ್ಮ. ಇಬ್ಬರೂ ಕೈಹಿಡಿದುಕೊಂಡು ಅತ್ತರು.

ಹೊರಗೆ ಕಾಫಿ ಎಸ್ಟೇಟಿಗೆ ಕರೆದೊಯ್ಯಲು ಬಂದ ಜೀಪು ಹಾರ್ನ್ ಹೊಡೆಯಿತು. ಇಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.