ಮೊದಲ ನೀರು

ಛಳಕ್ — ಅದು ಅತ್ತೆ ನೀರಿಗೆ ಇಳಿದ ಸದ್ದಿರಬೇಕು, ಮರದ ಬಾಗಿಲಾಚೆ, ಅದರಾಚೆಯ ಗಾಜಿನ ಬಾಗಿಲಾಚೆ, ಇಳಿದರು, ಸರಿ, ಇನ್ನು ಹತ್ತು ನಿಮಿಷ, ಹದಿನೈದೇ ಆಗಲಿ, ಇಷ್ಟು ದೂರ ಬಿಸಿನೀರಿನ ಬುಗ್ಗೆ ಹುಡುಕಿಕೊಂಡು ಬಂದವರು ಹದಿನೈದು ನಿಮಿಷವಾದರೂ ಕೂರುವುದಿಲ್ಲವೇ, ಎಂದು ಸಾಯೊ ಹಜಾರದ ಬೆಂಚಿನ ಮೇಲೆ ಕೂತು ತನಗೆ ತಾನೇ ಹೇಳಿಕೊಂಡಳು, ಗಂಧಕದ ವಾಸನೆ, ಬೆಂದ ಮೊಟ್ಟೆಯ ಸಿಪ್ಪೆ ಸುಲಿದಾಗಿನ ವಾಸನೆ, ಕಿಟಕಿಯಾಚೆ ಹಿಮ ಸದ್ದಿಲ್ಲದೆ ಬೀಳುತ್ತಿದೆ, ಗಡಿಯಾರದಲ್ಲಿ ನಾಲ್ಕೂ ಹತ್ತು. ಬಾಗಿಲಿಗೆ ತೂಗುಹಾಕಿದ ಮರದ ಬಿಲ್ಲೆಯನ್ನು ಅತ್ತೆಯೇ ತಿರುಗಿಸಿ ಒಳಗೆ ಹೋಗಿದ್ದರು. ಒಳಗಿದ್ದಾರೆ, ಎನ್ನುತ್ತದೆ ಬಿಲ್ಲೆ. ಅದು ತಿರುಗಿದ ಮೇಲೆ ಯಾರೂ ಬಡಿಯುವಂತಿಲ್ಲ, ಕೂಗುವಂತಿಲ್ಲ, ಸ್ನಾನದಲ್ಲಿರುವವರ ಪುಣ್ಯ ಕೆಡಿಸಬಾರದು, ಚಿಕ್ಕಂದಿನಿಂದ ಕಲಿತದ್ದು, ಆದರೆ ಒಳಗಿದ್ದಾರೆ ಎಂದರೆ ಇದ್ದಾರೆ ಎಂದು ಅರ್ಥವೇ, ಅದನ್ನು ಒಂದು ಮರದ ತುಂಡು ಹೇಗೆ ಹೇಳಬಲ್ಲದು, ಒಳಗೆ ಹೋದರು ಎಂದಷ್ಟೇ ತಾನೇ ಅದಕ್ಕೆ ಗೊತ್ತಿರುವುದು. ಛಳಕ್. ಇದ್ದಾರೆ.

ಬರಬಾರದಾಗಿತ್ತು. ಆದರೆ ಬರುವುದಿಲ್ಲ ಎನ್ನಲು ಬಾಯಿ ಎಲ್ಲಿತ್ತು, ವರ್ಷದ ಕೊನೆಯ ಅದೃಷ್ಟಚೀಟಿ, ಮಾರುಕಟ್ಟೆ ಬೀದಿಯಲ್ಲಿ ಮೂಲಂಗಿಯನ್ನೂ ಸೋಯಾ ಗಟ್ಟಿಯನ್ನೂ ಕೊಂಡಿದ್ದಕ್ಕೆ ಸಿಕ್ಕ ಒಂದೇ ಸರದಿ, ಅತ್ತೆ ಬಣ್ಣದ ಗೋಲಿ ತುಂಬಿದ ಚಕ್ರದ ಹಿಡಿ ತಿರುಗಿಸಿದರು, ಕೆಳಗಿನ ತಟ್ಟೆಗೆ ಬಂಗಾರದ ಬಣ್ಣದ ಗೋಲಿ ಬಿತ್ತು, ತರಕಾರಿಯವನು ಕೈಗಂಟೆಯನ್ನು ಬೀದಿಗೆಲ್ಲ ಕೇಳುವಂತೆ ಬಾರಿಸಿದ, ಬಂತು ನೋಡಿ ಮೊದಲ ಬಹುಮಾನ, ಬಿಸಿನೀರಿನ ಬುಗ್ಗೆ, ಇಬ್ಬರಿಗೆ ಒಂದು ರಾತ್ರಿ, ಅಜ್ಜಿ, ಸೊಸೇನ ಕರ್ಕೊಂಡೇ ಹೋಗ್ಬೇಕು ಮತ್ತೆ, ಬೇರೆ ಯಾವ ಚೆಲುವನನ್ನೂ ಕರ್ಕೊಂಡು ಹೋಗೋ ಹಾಗಿಲ್ಲ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು, ಅತ್ತೆ ಬಗ್ಗಿ ಬಗ್ಗಿ ವಂದಿಸಿದರು, ಅವಳೂ ವಂದಿಸಿದಳು. ಮನೆಗೆ ಬಂದು ಮೂಲಂಗಿ ತೊಳೆಯುತ್ತ ಅತ್ತೆ, ನಿನಗೆ ಬೇಡ ಅಂದ್ರೆ ಬೇಡ, ಎಂದರು. ನಿಮಗೆ ಬೇಕು ಅಂದ್ರೆ ಹೋಗೋಣ ಅತ್ತೆ, ಎಂದಳು. ನನಗೇನು, ಹೋದರೂ ಸರಿ. ಹಾಗಾದ್ರೆ ಹೋಗೋಣ. ಹೀಗೆ ಯಾರಿಗೂ ಬೇಡದ ಪ್ರಯಾಣವೊಂದು ಇಬ್ಬರ ಮರ್ಯಾದೆಯಿಂದ ಗಟ್ಟಿಯಾಯಿತು. ರೈಲು, ಆಮೇಲೆ ಬಸ್ಸು, ಆಮೇಲೆ ಈ ಹಿಮ. ಬುಗ್ಗೆಯ ವಸತಿಗೃಹದಲ್ಲಿ ಕೋಣೆ ತೋರಿಸಿದ ಯಾಸುಯೊ, ಮೂವತ್ತು ವರ್ಷದಿಂದ ಇಲ್ಲೇ ಇದ್ದೀನಿ ಎಂದು ನೀಲಿ ನಿಲುವಂಗಿಗಳನ್ನು ಮಡಿಲಿಗಿಟ್ಟ ಆಳು ಹೆಂಗಸು, ಮನೆಮಂದಿಗೇ ಬೇರೆ ಕೊಳ ಇದೆ, ಇಬ್ಬರೂ ಒಟ್ಟಿಗೆ ಇಳೀಬಹುದು, ಬೆನ್ನು ಉಜ್ಜಿಕೊಳ್ಳಬಹುದು, ಎಂದಾಗ ಬೇಡ, ಎಂದರು ಇಬ್ಬರೂ, ಒಂದೇ ಉಸಿರಿಗೆ. ಯಾಸುಯೊ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದಳು. ಸೊಸೆ ಆಮೇಲೆ ಹೋಗ್ತಾಳೆ, ಎಂದರು ಅತ್ತೆ, ನಮ್ಮ ಮನೇಲಿ ಮೊದಲ ನೀರು ನಂದೇ.

ಮೊದಲ ನೀರು ಅತ್ತೆಯದು, ಆಮೇಲೆ ಗಂಡ ಶುಜಿ, ಕೊನೆಗೆ ಅವಳು. ಮದುವೆಯಾಗಿ ಬಂದ ದಿನದಿಂದ ಅದೇ ಕ್ರಮ, ಒಂದೇ ತೊಟ್ಟಿ, ಒಂದೇ ನೀರು, ಮೈ ತೊಳೆದುಕೊಂಡು ಇಳಿಯುವುದು, ಎದ್ದ ಮೇಲೆ ಮುಂದಿನವರಿಗಾಗಿ ಮುಚ್ಚಳ ಎಳೆಯುವುದು, ಅವಳ ಸರದಿ ಬರುವಾಗ ನೀರಿನಲ್ಲಿ ಒಂದು ಬಿಳಿಗೂದಲು, ಒಂದು ಕರಿಗೂದಲು, ಅದನ್ನು ಬೆರಳಲ್ಲಿ ಎತ್ತಿ ಎಸೆದು ಆ ಎಳೆಬಿಸಿಯಲ್ಲಿ ಅವಳು ಕಣ್ಣು ಮುಚ್ಚುತ್ತಿದ್ದಳು. ಛಳಕ್. ಒಳಗೆ ಅತ್ತೆ ಹೊರಳಿದರೇನೋ. ಇದ್ದಾರೆ. ಶುಜಿ ನೀರಲ್ಲಿ ನಿದ್ದೆ ಹೋಗುವ ಮನುಷ್ಯ, ದಿನವೂ ಅವಳು ಅಡುಗೆಮನೆಯಿಂದ ಕೂಗುತ್ತಿದ್ದಳು, ಮಲಗಿದ್ರಾ, ದಿನವೂ ಅವನು ಒಳಗಿಂದ ಹೂಂ ಎನ್ನುತ್ತಿದ್ದ, ಆ ದಿನ ಸಂಜೆ ಟವೆಲ್ ಹೆಗಲಿಗೆ ಹಾಕಿಕೊಂಡು, ಸ್ನಾನಕ್ಕೂ ಕಾವಲೇನೇ, ಮುಳುಗಿಹೋಗೋಕೆ ಇದೇನು ಸಮುದ್ರವಾ, ಇವತ್ತೊಂದು ದಿನ ಸುಮ್ಮನಿರು ನೋಡೋಣ, ಎಂದು ನಕ್ಕು ಹೋದ. ಸುಮ್ಮನಿದ್ದಳು. ಪಂದ್ಯ ಕಟ್ಟಿದವಳಂತೆ ಸುಮ್ಮನಿದ್ದಳು. ಮೀನು ಸುಟ್ಟಳು, ತಿರುವಿ ಹಾಕಿದಳು, ಆಚೆ ಕೋಣೆಯಲ್ಲಿ ಅತ್ತೆ ಕುಸ್ತಿ ನೋಡುತ್ತಿದ್ದರು, ಮೀನು ಆರಿತು, ನನ್ನ ನೀರು ತಣ್ಣಗಾಗ್ತಿದೆ ಎಂದು ಸಿಟ್ಟು ಬಂತು — ಸಿಟ್ಟೇ ಬಂದದ್ದು, ಭಯವಲ್ಲ, ಸಿಟ್ಟಿನಿಂದಲೇ ಸ್ನಾನದ ಮನೆಯ ಬಾಗಿಲು ಸರಿಸಿದಳು, ನೀರಿನಿಂದ ಮೇಲೆದ್ದಿದ್ದ ಒಂದು ಮೊಣಕಾಲು. ಮುಖಕ್ಕಿಂತ ಮೊದಲು ಅದು ಕಂಡಿತು. ಸುತ್ತ ನೀರು, ಮೊಣಕಾಲು ಮಾತ್ರ ಒಣಗಿತ್ತು. ಎಷ್ಟು ಹೊತ್ತು ಅಲುಗದೆ ಇದ್ದರೆ ಒಂದು ಮೊಣಕಾಲು ಹಾಗೆ ಒಣಗುತ್ತದೆ. ಹೃದಯ, ಎಂದರು ವೈದ್ಯರು, ಮೂವತ್ತನಾಲ್ಕಕ್ಕೂ ಆಗುತ್ತಮ್ಮ, ಎಂದರು. ಅವಳು ಕೇಳಬೇಕೆಂದಿದ್ದದ್ದು ಮೊಣಕಾಲಿನ ಬಗ್ಗೆ.

ನಾಲ್ಕೂ ಇಪ್ಪತ್ತೆಂಟು. ಛಳಕ್ ಕೇಳಿ ಎಷ್ಟು ಹೊತ್ತಾಯಿತು, ನೀರು ಹರಿಯುವ ಸದ್ದು ಇದೆ, ಆದರೆ ಅದು ಬುಗ್ಗೆಯ ಸದ್ದು, ಯಾರಿದ್ದರೂ ಇಲ್ಲದಿದ್ದರೂ ಅದು ತುಂಬಿ ಅಂಚು ದಾಟಿ ಹರಿಯುತ್ತಲೇ ಇರುತ್ತದೆ, ಅದರೊಳಗೆ ಅತ್ತೆಯ ಸದ್ದನ್ನು ಹುಡುಕಬೇಕು, ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ಊಟದ ಹರಿವಾಣಗಳನ್ನು ಹೊತ್ತು ಯಾಸುಯೊ ಬಂದಳು, ಏನಮ್ಮ, ಇಲ್ಲೇ ಕಾವಲು ಕೂತ್ಬಿಟ್ರಿ, ಅತ್ತೆ ಓಡಿಹೋಗ್ತಾರೆ ಅಂತಾನಾ. ಕಾವಲು. ಅವಳು ಎದ್ದು ನಿಂತಳು, ತುಂಬ ಹೊತ್ತಾಯ್ತು, ನೀವು ಒಂದ್ಸಲ ಕರೆದು ನೋಡ್ತೀರಾ, ಎಂದಳು. ಅಯ್ಯೋ, ನಮ್ಮ ನೀರಿಗೆ ಇಳಿದವರು ಬೇಗ ಏಳ್ತಾರಾ, ಹೋದ ವರ್ಷ ಒಬ್ಬ ತಾತ ಮೊಮ್ಮಗಳ ನಿಶ್ಚಯದ ಊಟಾನೇ ಮರೆತು ಒಳಗೆ ಗೊರಕೆ ಹೊಡೀತಿದ್ರು, ಬಿಲ್ಲೆ ತಿರುಗಿದ ಮೇಲೆ ನಾವಂತೂ ಬಡಿಯಲ್ಲಮ್ಮ, ಮನೆಯವರು ಬೇಕಾದ್ರೆ ಕರೀಬಹುದು. ಹೋದಳು, ಹರಿವಾಣಗಳ ಮೇಲಿನ ಬಟ್ಟಲುಗಳ ಕಿಣಿಕಿಣಿ ಹಜಾರದ ತಿರುವಿನಲ್ಲಿ ಅಡಗಿತು. ಮನೆಯವರು. ಆ ಮನೆಗೆ ಅವಳನ್ನು ಕಟ್ಟಿದ ಗಂಟು ಬಿಚ್ಚಿ ಹನ್ನೊಂದು ತಿಂಗಳು, ಆದರೂ ಆ ಬಾಗಿಲಾಚೆಯ ಅರವತ್ತೊಂಬತ್ತರ ಹೆಂಗಸಿಗೆ ಈ ಲೋಕದಲ್ಲಿ ಮನೆಯವರು ಎಂದರೆ ಅವಳೊಬ್ಬಳೇ, ಅವಳಿಗೂ ಅಷ್ಟೇ, ಈ ಬಾಗಿಲು ತೆರೆದು ಮತ್ತೆ ಅದನ್ನೇ ಕಂಡರೆ ಬೆಳಿಗ್ಗೆ ಮೂಲಂಗಿ ಯಾರಿಗಾಗಿ ಹೆಚ್ಚುವುದು, ತೆರೆಯದೆ ಕೂತರೆ, ತೆರೆಯದೆ ಕೂತಿದ್ದಕ್ಕೇ ತಾನೇ ಅವನು, ಸುಮ್ಮನಿರು ನೋಡೋಣ, ಎಂದದ್ದಕ್ಕೇ ತಾನೇ. ಅತ್ತೆ, ಎಂದಳು. ನೀರು ಹರಿಯಿತು. ಅತ್ತೆ. ಬಿಲ್ಲೆ ಅವಳ ಬೆರಳಿಗೆ ತಾಗಿ ಅಲುಗಾಡಿತು, ಅವಳು ಮರದ ಬಾಗಿಲನ್ನು ಸರಿಸಿದಳು.

ಬುಟ್ಟಿಯಲ್ಲಿ ಮಡಿಸಿಟ್ಟ ಬಟ್ಟೆ, ಮೇಲೆ ಕನ್ನಡಕ, ಗಾಜಿನ ಬಾಗಿಲ ತುಂಬ ಒಳಗಿನ ಹಬೆ, ಒರೆಸಿದರೂ ಕಾಣದು. ಅತ್ತೆ, ಇದ್ದೀರಾ. ಛಳಕ್ — ಬಂತು ಉತ್ತರ, ಛಳಕ್, ಛಳಕ್, ಇದ್ದಾರೆ, ಅವಳು ಗೋಡೆಗೆ ಆತುಕೊಂಡಳು, ಇದ್ದಾರೆ, ಇನ್ನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರೆ ಆಯಿತು, ಆದರೆ ಆ ಸದ್ದು. ಮೈ ಇಳಿದ ನೀರು ಹಾಗೆ ಸದ್ದು ಮಾಡುವುದಿಲ್ಲ. ಆ ಸದ್ದು ಅವಳಿಗೆ ಗೊತ್ತು, ಅವಳ ಬಲಗೈಗೆ ಗೊತ್ತು, ಹನ್ನೊಂದು ತಿಂಗಳಿಂದ ದಿನವೂ ಸಂಜೆ ತೊಟ್ಟಿಯ ಹೊರಗೆ ಪುಟ್ಟ ಮಣೆಯ ಮೇಲೆ ಕೂತು, ತಂಬಿಗೆಯಲ್ಲಿ ಮೊಗೆದು ಮೈಮೇಲೆ ಸುರಿದುಕೊಂಡು, ಇಳಿಯದೆ, ಇಳಿಯಲಾರದೆ, ಆಚೆ ಕೋಣೆಯಲ್ಲಿರುವ ಅತ್ತೆಗೆ ಇಳಿದಂತೆ ಕೇಳಲೆಂದು ಕೈಯಿಂದ ನೀರು ಕಲಕುತ್ತಾಳಲ್ಲ, ಆ ಸದ್ದು. ಅವಳು ಗಾಜು ಸರಿಸಿದಳು. ಕೊಳದ ಅಂಚಿನಲ್ಲಿ ಮಣೆಯ ಮೇಲೆ ಅತ್ತೆ ಕೂತಿದ್ದರು, ತೊಡೆಯ ಮೇಲೆ ಟವೆಲ್, ಬಲಗೈ ಮೊಣಕೈವರೆಗೆ ನೀರಲ್ಲಿ, ಕಲಕುತ್ತಲೇ ಇತ್ತು, ಅವಳನ್ನು ಕಂಡ ಮೇಲೂ ಎರಡು ಸಲ ಕಲಕಿ ನಿಂತಿತು. ಈ ಹನ್ನೊಂದು ತಿಂಗಳು ಮನೆಯಲ್ಲಿ ಅವಳ ಸರದಿಗೆ ಅಂಚಿನವರೆಗೂ ತುಂಬಿರುತ್ತಿದ್ದ ನೀರು, ಒಂದೂ ಬಿಳಿಗೂದಲಿಲ್ಲದ ನೀರು, ಅತ್ತೆ ಎಷ್ಟು ಮಡಿ ಎಂದುಕೊಂಡಿದ್ದಳು, ನೀರು ಮೋರಿಗೆ ಬಿಡಬೇಡ ಕಣೆ, ಬಟ್ಟೆಗೆ ಆಗುತ್ತೆ, ಎನ್ನುತ್ತಿದ್ದರು, ದಿನವೂ ಕಾಯಿಸಿದ ನೀರು, ಯಾರೂ ಇಳಿಯದ ನೀರು, ಇಬ್ಬರ ಬಟ್ಟೆ ಒಗೆದು ಮೋರಿಗೆ ಹೋದ ನೀರು. ಬಾಗಿಲು ಹಾಕು, ಚಳಿ ಬರ್ತಿದೆ, ಎಂದರು ಅತ್ತೆ. ಹಾಕಿದಳು, ಒಳಗೇ ನಿಂತಳು. ಇಳೀಲೇಬೇಕು ಅಂತ ಬಂದೆ, ಎಂದರು, ದೂರದ ನೀರಾದ್ರೆ ಆದೀತು ಅಂದ್ಕೊಂಡೆ, ಆಗಲಿಲ್ಲ. ಆಮೇಲೆ, ನೀರನ್ನೇ ನೋಡುತ್ತ, ಅವತ್ತು ಅವನಿಗೆ ಬಿಸಿ ಸಾಲದು ಅಂತ ಮತ್ತೆ ಉರಿ ಹಾಕಿದ್ದು ನಾನು, ನಿನಗೆ ಹೇಳಿರಲಿಲ್ಲ. ನೀರು ಅಂಚು ದಾಟಿ ಅತ್ತೆಯ ಹಿಮ್ಮಡಿಯನ್ನು ತೊಳೆಯುತ್ತ ಹರಿಯುತ್ತಿತ್ತು, ಏನಾದರೂ ಹೇಳಬೇಕು, ಅಲ್ಲ ಅತ್ತೆ ಎನ್ನಬೇಕು, ನಾನು ಕೂಗಲಿಲ್ಲ ಎನ್ನಬೇಕು, ಕೈ ಹಿಡಿಯಬೇಕು, ಇಬ್ಬರೂ ಒಟ್ಟಿಗೆ ಒಂದೊಂದು ಕಾಲು ನೀರಿಗಿಳಿಸಬೇಕು, ಎಂದುಕೊಳ್ಳುತ್ತ ಅವಳು ಬಾಗಿದಳು, ಹಬೆ ಸರಿಯಿತು, ಟವೆಲಿನ ಅಂಚಿನಾಚೆ ಅತ್ತೆಯ ಮೊಣಕಾಲು, ಮಡಿಚಿದ್ದು, ಬಿಳಿಚಿದ್ದು, ಒಣಗಿದ್ದು, ಅವತ್ತಿನದರ ಹಾಗೇ, ಅದು ಅಲುಗುತ್ತದೆಯೇ, ಅಲುಗಲಿ, ಒಣ ಮೊಣಕಾಲು, ಒಂದು ಹನಿಯೂ ಇಲ್ಲ, ಒಣ ಮೊಣಕಾಲು…